ಮಕ್ಕಳು ಪಂಚಾಯಿತಿಯನ್ನು ಪ್ರಶ್ನಿಸಿದರೆ ಅದು ರಾಜಕೀಯವೇ?

ಓದುಗರ ಪ್ರಶ್ನೆ:

"ನಾನು ಕೊಡಗಿನ ಸೋಮವಾರಪೇಟೆ ತಾಲೂಕಿನ ಸಣ್ಣ ಕಾಫಿ ಬೆಳೆಗಾರ, ನಮ್ಮೂರಿನ ಸರ್ಕಾರಿ ಪ್ರೌಢಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯನೂ ಹೌದು. ಮಗಳು ಅದೇ ಶಾಲೆಯಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾಳೆ. ಸಮಾಜ ವಿಜ್ಞಾನದಲ್ಲಿ ಯಾವಾಗಲೂ ಒಳ್ಳೆಯ ಅಂಕ, ಸಂವಿಧಾನದ ಪೀಠಿಕೆ ಬಾಯಿಪಾಠ. ಆದರೆ ಕಳೆದ ಜುಲೈಯಲ್ಲಿ ಮರ ಬಿದ್ದು ಪೈಪು ಒಡೆದು, ಹನ್ನೊಂದು ದಿನ ನಲ್ಲಿಯಲ್ಲಿ ನೀರಿಲ್ಲದಾಗ 'ಇದನ್ನು ಯಾರಿಗೆ ಹೇಳಬೇಕು ಅಪ್ಪ, ಎಂಎಲ್‌ಎಗಾ?' ಎಂದು ಕೇಳಿದಳು. ಮಕ್ಕಳನ್ನು ಊರಿನ ವ್ಯವಹಾರಗಳಲ್ಲಿ ತೊಡಗಿಸಿ ಪೌರನೀತಿ ಕಲಿಸಬೇಕೆಂದು ನಾನು ಸಮಿತಿಯಲ್ಲಿ ಪ್ರಸ್ತಾಪಿಸಿದೆ. ಮುಖ್ಯ ಶಿಕ್ಷಕರು ಅದು ರಾಜಕೀಯವಾಗುತ್ತದೆ ಎಂದರು. ಕೆಲವು ಪೋಷಕರು ಎಸ್‌ಎಸ್‌ಎಲ್‌ಸಿ ಫಲಿತಾಂಶ ಕೆಡುತ್ತದೆ ಎಂದರು. ಹಿಂದಿನ ವರ್ಷ ಒಮ್ಮೆ ಮಕ್ಕಳನ್ನು ಪಂಚಾಯಿತಿ ಕಚೇರಿಗೆ ಕರೆದುಕೊಂಡು ಹೋಗಿದ್ದರು. ಫೋಟೊ ತೆಗೆದು, ಸಿಹಿ ಹಂಚಿ, ವಾಪಸ್ಸು ಬಂದರು. ನಮ್ಮ ಶಾಲೆಯ ಸುಮಾರು ಅರ್ಧದಷ್ಟು ಮಕ್ಕಳು ತೋಟದ ಕಾರ್ಮಿಕರು ವಾಸಿಸುವ ಲೈನ್‌ಮನೆಗಳಿಂದ ಬರುವವರು. ಅವರು ಬಾಯಿಬಿಟ್ಟರೆ ಅಪ್ಪ ಅಮ್ಮನಿಗೆ ತೊಂದರೆಯಾದೀತೇ ಎಂಬ ಅಳುಕು ನನಗೂ ಇದೆ. ಏನು ಮಾಡಬಹುದು, ಏನು ಮಾಡಬಾರದು?"

ಉತ್ತರ:

ನಿಮ್ಮ ಪತ್ರದಲ್ಲಿ ಮೂರು ಆತಂಕಗಳಿವೆ. ಇದು ಶಾಲೆಯ ಕೆಲಸವೇ ಎಂಬುದು ಮೊದಲನೆಯದು, ಅಂಕಕ್ಕೆ ಪೆಟ್ಟು ಬೀಳುತ್ತದೆಯೇ ಎಂಬುದು ಎರಡನೆಯದು. ಮೂರನೆಯದನ್ನು ನೀವು ಕೊನೆಗೆ ಎರಡು ವಾಕ್ಯಗಳಲ್ಲಿ ಹೇಳಿ ಮುಗಿಸಿದ್ದೀರಿ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ತೂಕದ್ದು ಅದೇ. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸಿ, ಅನಂತರ ಶಿಕ್ಷಕರ ತರಬೇತಿಯಲ್ಲಿ ಕೆಲಸ ಮಾಡಿದ ಇಷ್ಟು ವರ್ಷಗಳಲ್ಲಿ ಇಂಥ ಪ್ರಯತ್ನಗಳು ಅಂಕದ ಕಾರಣಕ್ಕೆ ನಿಂತದ್ದನ್ನು ನಾನು ಕಂಡಿಲ್ಲ. ನಿಂತದ್ದೆಲ್ಲ ಯಾರದೋ ಮನೆಗೆ ಫೋನ್ ಹೋದದ್ದರಿಂದ. ಆದ್ದರಿಂದ ಮೊದಲ ಎರಡನ್ನು ಬೇಗ ಮುಗಿಸಿ ಮೂರನೆಯದರ ಬಳಿಗೆ ಬರುತ್ತೇನೆ.

ಮುಖ್ಯ ಶಿಕ್ಷಕರ ಹಿಂಜರಿಕೆಯನ್ನು ಹೇಡಿತನವೆಂದು ಭಾವಿಸಬೇಡಿ. ಸರ್ಕಾರಿ ನೌಕರರ ನಡತೆ ನಿಯಮಗಳು ಅವರಿಗೆ ಪಕ್ಷ ರಾಜಕೀಯವನ್ನು ನಿಷೇಧಿಸುತ್ತವೆ. ಪಂಚಾಯಿತಿ ಅಧ್ಯಕ್ಷರ ಮುಂದೆ ಹದಿನಾಲ್ಕು ವರ್ಷದ ಹುಡುಗ ಎದ್ದು ನಿಂತು ಚರಂಡಿಯ ಲೆಕ್ಕ ಕೇಳಿದರೆ, 'ಇದನ್ನು ಹೇಳಿಕೊಟ್ಟವರು ಯಾರು' ಎಂಬ ಪ್ರಶ್ನೆ ಮಾರನೆಯ ದಿನ ತಿರುಗುವುದು ಶಿಕ್ಷಕರ ಕಡೆಗೇ. ಆದರೂ ಪಕ್ಷ ರಾಜಕೀಯ ಬೇರೆ, ಸಾರ್ವಜನಿಕ ವಿಷಯ ಬೇರೆ. ಯಾರಿಗೆ ಮತ ಹಾಕಬೇಕೆಂಬುದು ಮೊದಲನೆಯದಕ್ಕೆ ಸೇರಿದ ಮಾತು. ನಲ್ಲಿಗೆ ನೀರು ಯಾವ ಟ್ಯಾಂಕಿನಿಂದ ಬರುತ್ತದೆ, ಅದನ್ನು ನೋಡಿಕೊಳ್ಳುವವರು ಯಾರು, ಕೆಟ್ಟರೆ ಎಷ್ಟು ದಿನದಲ್ಲಿ ಸರಿಪಡಿಸಬೇಕು ಎಂಬುದು ಎರಡನೆಯದಕ್ಕೆ ಸೇರಿದ್ದು, ಮತ್ತು ಅದು ನೇರವಾಗಿ ಪಠ್ಯದ ವಿಷಯ. ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಅದು ಸೇರಿಸಿದ ಹನ್ನೊಂದನೇ ಅನುಸೂಚಿಯಲ್ಲಿ 29 ವಿಷಯಗಳಿವೆ, ಅವುಗಳಲ್ಲಿ ಕುಡಿಯುವ ನೀರೂ ಒಂದು. ಈ ಪಟ್ಟಿಯನ್ನು ಪರೀಕ್ಷೆಗೆ ಬರೆಸುವುದು ಪಾಠವಾಗುತ್ತದೆ, ಪಟ್ಟಿಯ ಒಂದು ವಿಷಯ ತಮ್ಮೂರಿನಲ್ಲಿ ಹೇಗೆ ನಡೆಯುತ್ತಿದೆ ಎಂದು ನೋಡಲು ಹೋದರೆ ಮಾತ್ರ ರಾಜಕೀಯವಾಗುತ್ತದೆ ಎಂಬ ವಾದ ನಿಲ್ಲುವುದಿಲ್ಲ.

ಇದಕ್ಕೆ ಸರ್ಕಾರದ ಕಡೆಯಿಂದಲೇ ದಾರಿಯಿದೆ. ಗ್ರಾಮಸಭೆಯ ಸದಸ್ಯರೆಂದರೆ ಆ ಪಂಚಾಯಿತಿ ವ್ಯಾಪ್ತಿಯ ಮತದಾರರ ಪಟ್ಟಿಯಲ್ಲಿ ಹೆಸರಿರುವವರು. ಹಾಗಾಗಿ ಹದಿನೆಂಟು ತುಂಬದವರಿಗೆ ಅಲ್ಲಿ ನಿರ್ಣಯದ ಹಕ್ಕಿಲ್ಲ, ಅದು ನಿಜ. ಆದರೆ ನಮ್ಮ ರಾಜ್ಯದಲ್ಲಿ ಮಕ್ಕಳ ಹಕ್ಕುಗಳ ವಿಶೇಷ ಗ್ರಾಮಸಭೆ ಎಂಬ ಪದ್ಧತಿ ಇದೆ. ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್ 14ರ ಮಕ್ಕಳ ದಿನಾಚರಣೆಯ ಅನಂತರದ ವಾರಗಳಲ್ಲಿ, ಪಂಚಾಯಿತಿಗಳು ಇದನ್ನು ನಡೆಸುತ್ತವೆ. ಮಕ್ಕಳಿಗೆ ಸಂಬಂಧಿಸಿದ ವಿಷಯಗಳಲ್ಲಿ ಅವರ ಅಭಿಪ್ರಾಯವನ್ನು ಕೇಳಬೇಕೆನ್ನುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರ ಡಿಸೆಂಬರ್‌ನಲ್ಲೇ ಒಪ್ಪಿಕೊಂಡಿದೆ. 1990ರ ದಶಕದಲ್ಲಿಯೇ ಕುಂದಾಪುರ ತಾಲೂಕಿನ ಹಳ್ಳಿಗಳಲ್ಲಿ ಮಕ್ಕಳ ಪಂಚಾಯಿತಿಗಳು ನಡೆದಿದ್ದವು. ಹಾಗಾಗಿ ಮುಖ್ಯ ಶಿಕ್ಷಕರ ಮುಂದೆ ನೀವು ಇಡುವ ಪ್ರಸ್ತಾವ ಹೊಸ ಸಾಹಸವಲ್ಲ, ಇರುವ ಪದ್ಧತಿಯನ್ನು ಸರಿಯಾಗಿ ಬಳಸುವ ಕೋರಿಕೆ ಅಷ್ಟೇ. ಹಾಗೆಯೇ ಹೇಳಿ. ಬಾಯಿಮಾತಿಗಿಂತ ಎಸ್‌ಡಿಎಂಸಿ ನಡಾವಳಿಯಲ್ಲಿ ಬರೆದ ಒಂದು ನಿರ್ಣಯ ಅವರಿಗೆ ರಕ್ಷಣೆಯಾಗುತ್ತದೆ, ಏಕೆಂದರೆ 'ಹೇಳಿಕೊಟ್ಟವರು ಯಾರು' ಎಂಬ ಪ್ರಶ್ನೆಗೆ ಆಗ ಉತ್ತರ ಒಬ್ಬ ಶಿಕ್ಷಕನ ಹೆಸರಾಗಿರುವುದಿಲ್ಲ.

ಅಂಕದ ಮಾತು. ಎಸ್‌ಎಸ್‌ಎಲ್‌ಸಿಯ ಸಮಾಜ ವಿಜ್ಞಾನದಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ. ಆ ಇಪ್ಪತ್ತಕ್ಕಾಗಿ ಮಕ್ಕಳು ಈಗ ಮಾಡುತ್ತಿರುವುದೇನೆಂದರೆ ಪೇಟೆಯ ಅಂಗಡಿಯಲ್ಲಿ ಚಿತ್ರಪಟ ಕೊಂಡು, ಕತ್ತರಿಸಿ, ಅಂಟಿಸಿ, ಬಣ್ಣದ ಪೆನ್ನಿನಲ್ಲಿ ಶೀರ್ಷಿಕೆ ಬರೆಯುವುದು. ಅದೇ ಸಮಯವನ್ನು ಊರಿನ ಒಂದು ಪ್ರಶ್ನೆಗೆ ಕೊಟ್ಟರೆ ಯಾವ ಅಂಕವೂ ಕಡಿಮೆಯಾಗುವುದಿಲ್ಲ. ಆದರೂ ಹತ್ತನೇ ತರಗತಿಯನ್ನು ಇದರಿಂದ ಬಿಟ್ಟುಬಿಡಿ ಎಂದೇ ನಾನು ಸಲಹೆ ಕೊಡುತ್ತೇನೆ. ಪೋಷಕರ ಜೊತೆ ವಾದ ಗೆಲ್ಲುವುದಕ್ಕಿಂತ ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳೊಂದಿಗೆ ಕೆಲಸ ಆರಂಭಿಸುವುದು ಸುಲಭ.

ಇನ್ನು ನಿಮ್ಮ ಮಗಳು ಕೇಳಿದ ಪ್ರಶ್ನೆಗೆ ಬರೋಣ. ಪೀಠಿಕೆ ಬಾಯಿಪಾಠವಿರುವ ಹುಡುಗಿಗೆ ಊರಿಗೆ ನೀರು ಬಿಡುವ ನೀರುಗಂಟಿಯ ಹೆಸರು ಏಕೆ ಗೊತ್ತಿಲ್ಲ? ನಮ್ಮ ಪಾಠಕ್ರಮ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ ಎಂಬುದು ಒಂದು ಕಾರಣ. ರಾಷ್ಟ್ರಪತಿ, ಸಂಸತ್ತು, ಸುಪ್ರೀಂ ಕೋರ್ಟುಗಳಿಂದ ಶುರುವಾಗಿ, ಮಗು ದಿನವೂ ಹಾದುಹೋಗುವ ಪಂಚಾಯಿತಿ ಕಚೇರಿಯನ್ನು ತಲುಪುವಷ್ಟರಲ್ಲಿ ವರ್ಷದ ದಿನಗಳು ಮುಗಿದಿರುತ್ತವೆ. ಇತಿಹಾಸ, ಭೂಗೋಳ, ಅರ್ಥಶಾಸ್ತ್ರಗಳನ್ನೆಲ್ಲ ಒಬ್ಬರೇ ಶಿಕ್ಷಕರು ಮುಗಿಸಬೇಕು, ನಡುವೆ ಮಳೆ ರಜೆಗಳೂ ಬರುತ್ತವೆ. ಎರಡನೆಯ ಕಾರಣ ಕೊಡಗಿನದೇ. ಬಯಲುಸೀಮೆಯ ಊರಿನಲ್ಲಿ ಓಣಿಯಿದೆ, ಅರಳಿಕಟ್ಟೆಯಿದೆ. ಮಗು ಆಡುತ್ತಾಡುತ್ತಲೇ ಊರಿನ ಜಗಳ, ರಾಜಿ, ಹಂಚಿಕೆಗಳನ್ನು ಕೇಳಿಸಿಕೊಳ್ಳುತ್ತದೆ. ನಮ್ಮಲ್ಲಿ ಮನೆಗಳು ತೋಟದ ನಡುವೆ ಒಂಟಿಯಾಗಿರುತ್ತವೆ, ಪಂಚಾಯಿತಿ ಕಚೇರಿ ಎಷ್ಟೋ ಮೈಲಿ ದೂರ, ಸಂಜೆಯಾದರೆ ಆನೆ ಭಯ. ಊರವರು ಸೇರುವ ಬಯಲಾದ ಮಂದ್‌ನಲ್ಲಿ ಕೂಡುವ, ಊರ ಹಿರಿಯರಾದ ತಕ್ಕರ ಮಾತು ಕೇಳುವ ಸಂಪ್ರದಾಯ ಕೊಡವರ ಊರುಗಳಲ್ಲಿ ಇಂದಿಗೂ ಇದೆ, ಅದಕ್ಕೆ ಅದರದೇ ಗೌರವವಿದೆ. ಆದರೆ ಆದಿವಾಸಿ ಹಾಡಿಯ ಎರವರ ಹುಡುಗಿಗೂ, ಲೈನ್‌ಮನೆಗೆ ಬಂದು ಎರಡು ವರ್ಷವಾದ ಅಸ್ಸಾಮಿನ ಕಾರ್ಮಿಕನ ಮಗನಿಗೂ ಆ ಮಂದ್‌ನಲ್ಲಿ ಜಾಗವಿಲ್ಲ. ಆ ಮಕ್ಕಳೂ ಸೇರಿ ಎಲ್ಲರೂ ಒಟ್ಟಿಗೆ ಕುಳಿತುಕೊಳ್ಳುವ ಜಾಗ ನಿಮ್ಮ ಊರಿನಲ್ಲಿ ಬಹುಶಃ ನಿಮ್ಮ ಶಾಲೆಯೊಂದೇ.

ಮೂರನೆಯ ಕಾರಣವನ್ನು ಹೇಳಿದರೆ ನಮ್ಮ ಜಿಲ್ಲೆಯಲ್ಲಿ ಕೆಲವರಿಗೆ ಮುಜುಗರವಾಗಬಹುದು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರ ನಾಡಿನಲ್ಲಿ ಪೌರಪ್ರಜ್ಞೆ ಎಂದರೆ ಸೇನೆ, ಪೆರೇಡು, ಧ್ವಜವಂದನೆ ಎಂಬ ಭಾವನೆ ಬೇರುಬಿಟ್ಟಿದೆ. ಎನ್‌ಸಿಸಿ ಶಿಸ್ತಿನ ಬಗ್ಗೆ ನನಗೆ ಆಕ್ಷೇಪವಿಲ್ಲ. ಆದರೆ ಆಜ್ಞೆ ಪಾಲಿಸುವ ಅಭ್ಯಾಸದಿಂದ ಲೆಕ್ಕ ಕೇಳುವ ಅಭ್ಯಾಸ ಬರುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ಕಲಿಯಬೇಕು. ಸ್ವಚ್ಛತಾ ಅಭಿಯಾನದ ವಿಷಯವೂ ಇಷ್ಟೇ. ರಜೆ ಮುಗಿದ ಸೋಮವಾರ ಪ್ರವಾಸಿಗರು ಎಸೆದು ಹೋದ ಬಾಟಲಿಗಳನ್ನು ಕೈಗವಸು ಹಾಕಿಕೊಂಡು ಹೆಕ್ಕುವ ಮಕ್ಕಳ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಆ ಚೀಲಗಳು ಅಲ್ಲಿಂದ ಎಲ್ಲಿಗೆ ಹೋದವು, ಪಂಚಾಯಿತಿಗೆ ಕಸ ವಿಲೇವಾರಿ ಘಟಕವಿದೆಯೇ, ರೆಸಾರ್ಟಿನಿಂದ ಪಂಚಾಯಿತಿ ವಸೂಲು ಮಾಡುವುದೆಷ್ಟು ಎಂದು ಯಾವ ಮಗುವೂ ಕೇಳಿದ್ದು ಪತ್ರಿಕೆಯಲ್ಲಿ ಬಂದದ್ದನ್ನು ನಾನು ನೋಡಿಲ್ಲ. ಮಕ್ಕಳ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ 1992ರಲ್ಲಿ ಯುನಿಸೆಫ್‌ಗಾಗಿ ವಿವರಿಸಿದ ರೋಜರ್ ಹಾರ್ಟ್, ಕೆಳಗಿನ ಮೂರು ಮೆಟ್ಟಿಲುಗಳನ್ನು ಭಾಗವಹಿಸುವಿಕೆ ಎಂದೇ ಎಣಿಸಲಿಲ್ಲ. ಮಕ್ಕಳನ್ನು ಅಲಂಕಾರಕ್ಕೆ ನಿಲ್ಲಿಸುವುದು ಅವುಗಳಲ್ಲಿ ಒಂದು. ನಿಮ್ಮ ಶಾಲೆಯ ಸಿಹಿ ಹಂಚಿದ ಭೇಟಿ ನಿಂತಿರುವುದು ಅಲ್ಲಿಯೇ.

ಹಾಗಾದರೆ ಏನು ಮಾಡಬೇಕು? ನನ್ನ ಅಭಿಪ್ರಾಯದಲ್ಲಿ ಊರಿನ ಜೊತೆಗೂಡಿ ಕಲಿಯುವ ಪೌರನೀತಿಯ ಪಾಠ ಶುರುವಾಗುವುದು ಎರಡನೇ ಭೇಟಿಯಲ್ಲಿ. ಮೊದಲ ಸಲ ಹೋದಾಗ ಎಲ್ಲರೂ ಒಳ್ಳೆಯ ಮಾತನಾಡುತ್ತಾರೆ, ಟೀ ಕೊಡುತ್ತಾರೆ, 'ಮಾಡೋಣ' ಎನ್ನುತ್ತಾರೆ. ಆರು ವಾರ ಬಿಟ್ಟು ಅದೇ ಮಕ್ಕಳು ಅದೇ ಕಾಗದ ಹಿಡಿದು ಹೋಗಿ 'ಅಂದು ಹೇಳಿದ್ದು ಏನಾಯಿತು ಸರ್' ಎಂದು ಕೇಳಿದಾಗ ಆಡಳಿತ ಎಂದರೇನು ಎಂಬುದು ಅವರಿಗೆ ಗೊತ್ತಾಗುತ್ತದೆ. ಆದ್ದರಿಂದ ಒಂದು ವರ್ಷಕ್ಕೆ ಒಂದೇ ಪ್ರಶ್ನೆ ಸಾಕು. ಅದು ಚಿಕ್ಕದಾಗಿರಲಿ, ಕೊನೆಯವರೆಗೆ ಬೆನ್ನುಹತ್ತುವಂಥದ್ದಾಗಿರಲಿ.

ನಿಮ್ಮ ಕಡೆಗೆ ನೀರೇ ಸರಿಯಾದ ಪ್ರಶ್ನೆ ಎಂದು ನನಗೆ ತೋರುತ್ತದೆ. ಕಾವೇರಿ ಹುಟ್ಟುವ ಜಿಲ್ಲೆಯಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರು ಸೋರುವಷ್ಟು ಮಳೆ ಬೀಳುವ ಜಿಲ್ಲೆಯಲ್ಲಿ, ಮಾರ್ಚ್-ಏಪ್ರಿಲ್ ಬಂತೆಂದರೆ ಗುಡ್ಡದ ಮೇಲಿನ ಪೈಸಾರಿ (ಸರ್ಕಾರಿ ಜಾಗದ) ಕಾಲೊನಿಗಳ ಹೆಂಗಸರು ಕೊಡ ಹಿಡಿದು ಕೆಳಗಿನ ತೊರೆಗೆ ಇಳಿಯುವುದೇಕೆ ಎಂಬುದು ಹದಿನಾಲ್ಕರ ವಯಸ್ಸಿಗೆ ಅರ್ಥವಾಗುವ, ಅಳೆಯಬಹುದಾದ ಪ್ರಶ್ನೆ. ಮಕ್ಕಳು ಮೊದಲು ನಕ್ಷೆ ಬರೆಯಲಿ: ಮೂಲ ಯಾವುದು, ಕೊಳವೆಬಾವಿಯೇ ತೆರೆದ ಬಾವಿಯೇ ಹೊಳೆಯೇ, ಟ್ಯಾಂಕು ಎಲ್ಲಿದೆ, ಪೈಪು ಯಾರ ತೋಟದ ಮೂಲಕ ಹಾದುಹೋಗುತ್ತದೆ, ಗೇಟ್‌ವಾಲ್ವ್ ತಿರುಗಿಸುವವರು ಯಾರು, ಎಷ್ಟು ಗಂಟೆಗೆ. ಆಮೇಲೆ ತಮ್ಮ ಮನೆಯ ನಲ್ಲಿಯಲ್ಲಿ ಒಂದು ಬಿಂದಿಗೆ ತುಂಬಲು ಎಷ್ಟು ನಿಮಿಷ ಹಿಡಿಯುತ್ತದೆ ಎಂದು ವಾರಕ್ಕೊಮ್ಮೆ ಬರೆದಿಡಲಿ. ಕೇಂದ್ರದ ಜಲಜೀವನ ಮಿಷನ್ ಗ್ರಾಮೀಣ ಮನೆಗಳಿಗೆ ನಿಗದಿ ಮಾಡಿದ ಪ್ರಮಾಣ ಒಬ್ಬರಿಗೆ ದಿನಕ್ಕೆ 55 ಲೀಟರ್. ತಮ್ಮ ಮನೆಗೆ ಬರುವ ನೀರನ್ನು ಈ ಅಂಕಿಯ ಪಕ್ಕದಲ್ಲಿಟ್ಟು ನೋಡಿದ ಮಗುವಿಗೆ ಹಕ್ಕು ಎಂಬ ಪದವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಇದರ ಜೊತೆಗೆ ನೀರಿನ ಕರ ಕಟ್ಟಿದ ರಸೀದಿ ಮನೆಯಲ್ಲಿದೆಯೇ ಎಂದೂ ನೋಡಲಿ. ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ಬಾಕಿ ಇರುತ್ತದೆ, ಪಂಪಿನ ವಿದ್ಯುತ್ ಬಿಲ್ಲು ಕಟ್ಟಲು ಪಂಚಾಯಿತಿ ಪರದಾಡುತ್ತಿರುತ್ತದೆ. ದೂರು ಕೊಡಲು ಹೊರಟ ಮಕ್ಕಳು ತಮ್ಮಪ್ಪನ ಬಾಕಿಯ ಚೀಟಿ ಹಿಡಿದು ಬೆಪ್ಪಾಗಿ ನಿಂತದ್ದನ್ನು ನಾನು ನೋಡಿದ್ದೇನೆ. ನಕ್ಕು ಬಿಡಬಹುದಾದ ಘಟನೆಯಲ್ಲ ಅದು. ಅಂದು ಆ ತರಗತಿಯಲ್ಲಿ ತೆರಿಗೆಯ ಬಗ್ಗೆ ಆದಷ್ಟು ಒಳ್ಳೆಯ ಚರ್ಚೆ ನನ್ನ ಯಾವ ಪಾಠದಲ್ಲೂ ಆಗಿರಲಿಲ್ಲ.

ಹೀಗೆ ತಯಾರಾದ ಮಕ್ಕಳು ಮಕ್ಕಳ ಗ್ರಾಮಸಭೆಗೆ ಹೋದರೆ ಸಭೆಯ ಸ್ವರೂಪವೇ ಬದಲಾಗುತ್ತದೆ. 'ನಮಗೆ ಆಟದ ಮೈದಾನ ಬೇಕು, ಕಾಂಪೌಂಡು ಬೇಕು' ಎಂದು ಶಿಕ್ಷಕರು ಬರೆದುಕೊಟ್ಟ ಚೀಟಿಯನ್ನು ಓದುವ ಬದಲು ಮೂರು ತಿಂಗಳ ಅಳತೆಯನ್ನು ಮುಂದಿಟ್ಟು, ಯಾವ ತಿಂಗಳೊಳಗೆ ಏನಾಗುತ್ತದೆ ಎಂದು ಕೇಳುತ್ತಾರೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹೇಳುವ ಉತ್ತರ ನಡಾವಳಿ ಪುಸ್ತಕದಲ್ಲಿ ದಾಖಲಾಗಬೇಕು ಮತ್ತು ಅದರ ನಕಲು ಶಾಲೆಗೆ ಬರಬೇಕು. ಇದೊಂದನ್ನು ಮಾತ್ರ ಬಿಟ್ಟುಕೊಡಬೇಡಿ. ಉಳಿದೆಲ್ಲ ಹೆಚ್ಚುಕಡಿಮೆಯಾದರೂ ನಡೆದೀತು.

ಭಾಷೆಯ ಬಗ್ಗೆ ಒಂದು ಮಾತು. ನಿಮ್ಮ ಶಾಲೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಎರವ ನುಡಿಗಳನ್ನಾಡುವ ಮಕ್ಕಳಿರಬಹುದು. ಸಭೆಯಲ್ಲಿ ಪುಸ್ತಕದ ಕನ್ನಡದಲ್ಲೇ ಮಾತನಾಡಬೇಕೆಂದು ನಿಯಮ ಮಾಡಿದರೆ ಮಾತನಾಡುವವರು ಯಾವಾಗಲೂ ಅದೇ ನಾಲ್ಕು ಮಂದಿ, ಭಾಷಣ ಸ್ಪರ್ಧೆಯಲ್ಲಿ ಬಹುಮಾನ ಪಡೆದವರು. ಮಗು ತನ್ನ ಮಾತಿನಲ್ಲೇ ಹೇಳಲಿ, ಪಕ್ಕದಲ್ಲಿ ಕುಳಿತ ಸ್ನೇಹಿತೆ ಕನ್ನಡದಲ್ಲಿ ತಿಳಿಸಲಿ.

ಈಗ ನಿಮ್ಮ ಅಳುಕಿನ ವಿಷಯ. ಕೊಡಗು ಚಿಕ್ಕ ಜಿಲ್ಲೆ. ಇಡೀ ಜಿಲ್ಲೆಗೆ ವಿಧಾನಸಭಾ ಕ್ಷೇತ್ರಗಳು ಎರಡೇ, ಮಡಿಕೇರಿ ಮತ್ತು ವಿರಾಜಪೇಟೆ. (1956ರ ವಿಲೀನಕ್ಕೆ ಮುಂಚೆ ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ, 1952ರಲ್ಲಿ ಚುನಾಯಿತವಾದ ಅದರ ವಿಧಾನಸಭೆಯಲ್ಲಿ 24 ಸದಸ್ಯರಿದ್ದರು ಎಂಬುದನ್ನು ಮಕ್ಕಳಿಗೆ ಹೇಳಿ ನೋಡಿ; ಪ್ರಾತಿನಿಧ್ಯ ಎಂಬ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗಲಾರದು.) ಪಂಚಾಯಿತಿ ಸದಸ್ಯ, ಗುತ್ತಿಗೆದಾರ, ತೋಟದ ಮಾಲೀಕ, ಎಸ್‌ಡಿಎಂಸಿ ಅಧ್ಯಕ್ಷ, ಇವರೆಲ್ಲ ಒಬ್ಬರಿಗೊಬ್ಬರು ನೆಂಟರು ಅಥವಾ ನೆರೆಯವರು, ಎಷ್ಟೋ ಕಡೆ ನಾಲ್ಕೂ ಒಬ್ಬರೇ. ಲೈನ್‌ಮನೆಯಲ್ಲಿರುವ ಕುಟುಂಬಕ್ಕೆ ಕೆಲಸ ಕೊಟ್ಟವರೇ ಸೂರನ್ನೂ ಕೊಟ್ಟವರು. ಕೆಲಸ ಹೋದರೆ ಮನೆಯೂ ಹೋಗುತ್ತದೆ, ಮನೆ ಹೋದರೆ ವಿಳಾಸವೂ ಹೋಗುತ್ತದೆ, ವಿಳಾಸವಿಲ್ಲದೆ ಪಡಿತರ ಚೀಟಿಗೆ ಅಲೆಯಬೇಕು. ಪ್ರಶ್ನೆ ಕೇಳುವುದರ ಬೆಲೆ ನಿಮ್ಮ ಮಗಳಿಗೂ ಆ ಮನೆಯ ಹುಡುಗಿಗೂ ಒಂದೇ ಅಲ್ಲ, ಮತ್ತು ಅದು ಆ ಹುಡುಗಿಗೆ ನಮಗಿಂತ ಚೆನ್ನಾಗಿ ಗೊತ್ತಿದೆ. ಅವಳು ಸಭೆಯಲ್ಲಿ ಸುಮ್ಮನಿರುವುದನ್ನು ನಾವು ಅನೇಕ ಸಲ ಹಿಂಜರಿಕೆ, ದಡ್ಡತನ ಎಂದು ತಪ್ಪು ತಿಳಿಯುತ್ತೇವೆ.

ನಾನೇ ಮಾಡಿದ ತಪ್ಪೊಂದನ್ನು ಹೇಳಬೇಕು. ದಕ್ಷಿಣ ಕೊಡಗಿನ ಒಂದು ಶಾಲೆಯಲ್ಲಿ, ಬಹಳ ವರ್ಷಗಳ ಹಿಂದೆ, 'ನಿಮ್ಮ ವಾಸಸ್ಥಳದ ಸಮಸ್ಯೆಗಳು' ಎಂದು ಮಕ್ಕಳಿಂದ ಪಟ್ಟಿ ಬರೆಸಿ, ಹೆಸರಿನ ಸಮೇತ ಸಭೆಯಲ್ಲಿ ಓದಿಸಿದೆ. ಒಬ್ಬ ಹುಡುಗಿ ಹದಿನಾರು ಮನೆಗಳಿಗೆ ಎರಡೇ ಶೌಚಾಲಯ ಎಂದು ಬರೆದಿದ್ದಳು. ಯಾರೂ ಗದರಿಸಲಿಲ್ಲ, ಸಭೆಯಲ್ಲಿ ಎಲ್ಲರೂ ತಲೆಯಾಡಿಸಿದರು. ಎರಡು ವಾರದ ನಂತರ ಅವಳು ಶಾಲೆಗೆ ಬರುವುದು ನಿಂತಿತು; ಕುಟುಂಬ ಬೇರೆ ತೋಟಕ್ಕೆ ಹೋಗಿದೆ ಎಂದರು. ಎರಡಕ್ಕೂ ಸಂಬಂಧವಿತ್ತೇ ಎಂದು ನನಗೆ ಯಾರೂ ಹೇಳಲಿಲ್ಲ, ಕೇಳುವ ಧೈರ್ಯ ನನಗೂ ಇರಲಿಲ್ಲ. ಆಮೇಲೆ ನಾನು ಹಾಕಿಕೊಂಡ ಕಟ್ಟುಪಾಡುಗಳನ್ನೇ ನಿಮಗೂ ಸೂಚಿಸುತ್ತೇನೆ.

ಮೊದಲ ಎರಡು ವರ್ಷ ಯಾವುದೇ ಖಾಸಗಿ ವ್ಯಕ್ತಿಯ ಮೇಲೆ ಬೊಟ್ಟು ಮಾಡುವ ಪ್ರಶ್ನೆಯನ್ನು ಆರಿಸಬೇಡಿ. ಉತ್ತರ ಕೊಡಬೇಕಾದವರು ಒಂದು ಸಾರ್ವಜನಿಕ ಕಚೇರಿಯೇ ಆಗಿರಲಿ. ಲೈನ್‌ಮನೆಗಳ ಸ್ಥಿತಿ ದೊಡ್ಡ ಪ್ರಶ್ನೆ, ನಿಜವಾದ ಪ್ರಶ್ನೆ, ಆದರೆ ಅದನ್ನು ಹೊರುವ ಕೆಲಸ ಎಸ್‌ಡಿಎಂಸಿಯ, ಕಾರ್ಮಿಕ ಇಲಾಖೆಯ, ನಿಮ್ಮಂಥ ಹಿರಿಯರದು. ಮಕ್ಕಳ ಹೆಗಲಿಗೆ ಹಾಕುವುದಲ್ಲ. ಎರಡನೆಯದಾಗಿ, ಶಾಲೆಯಿಂದ ಹೊರಗೆ ಹೋಗುವ ಯಾವ ಕಾಗದದಲ್ಲೂ ಒಂದು ಮಗುವಿನ ಹೆಸರು ಇರಬಾರದು, 'ಒಂಬತ್ತನೇ ತರಗತಿಯ ವಿದ್ಯಾರ್ಥಿಗಳು' ಎಂದಿರಲಿ. ಅಳತೆಯ ಪಟ್ಟಿಯಲ್ಲಿ ಮನೆಯ ಯಜಮಾನರ ಹೆಸರೂ ಬೇಡ. ಸಭೆಯಲ್ಲಿ ಮಾತನಾಡುವವರನ್ನು ಚೀಟಿ ಎತ್ತಿ ಆರಿಸಿ, ಜೊತೆಗೆ ಚೀಟಿ ಬಂದವರು ಒಲ್ಲೆ ಎನ್ನಲು ಕಾರಣ ಕೊಡಬೇಕಾಗಿಲ್ಲ ಎಂದು ಮೊದಲೇ ತಿಳಿಸಿ. ಮೊಬೈಲಿನ ಗುಂಪುಗಳಿಗೆ ಮಕ್ಕಳ ಮುಖವಿರುವ ಫೋಟೊ ಹೋಗುವುದು ಬೇಡ. ಇದನ್ನು ಪಾಲಿಸುವುದು ಎಲ್ಲಕ್ಕಿಂತ ಕಷ್ಟ, ಏಕೆಂದರೆ ಫೋಟೊ ಇಲ್ಲದಿದ್ದರೆ ಕಾರ್ಯಕ್ರಮವೇ ನಡೆದಿಲ್ಲ ಎಂಬುದು ನಮ್ಮ ಇಲಾಖೆಗಳ ನಂಬಿಕೆ.

ಎಚ್ಚರ ವಹಿಸಬೇಕಾದ ಇನ್ನೊಂದು ಕ್ಷೇತ್ರವಿದೆ. 2018ರ ಆಗಸ್ಟಿನ ಭೂಕುಸಿತದ ನಂತರ ವಿಪತ್ತು ನಿರ್ವಹಣೆಯನ್ನು ಪೌರನೀತಿಯ ಯೋಜನೆಯಾಗಿ ಎತ್ತಿಕೊಳ್ಳಲು ಅನೇಕ ಶಿಕ್ಷಕರು ಇಚ್ಛಿಸುತ್ತಾರೆ, ಅದು ಸಹಜ. ಮಳೆಗಾಲಕ್ಕೆ ಮುಂಚೆ ಸಂತ್ರಸ್ತರಿಗೆ ಆಶ್ರಯ ಕೊಡುವ ಕಾಳಜಿ ಕೇಂದ್ರ ಯಾವ ಕಟ್ಟಡದಲ್ಲಿ ತೆರೆಯುತ್ತದೆ, ಬೀಗದ ಕೈ ಯಾರ ಬಳಿ ಇದೆ, ಮುದುಕರನ್ನು ಕರೆದೊಯ್ಯುವ ವಾಹನ ಯಾವುದು ಎಂದು ಮಕ್ಕಳು ವಿಚಾರಿಸಿ ಬರೆದಿಟ್ಟರೆ ಊರಿಗೇ ಉಪಕಾರ. ಆದರೆ ಭೂಕುಸಿತವಾದ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆಯ ಕುಟುಂಬಗಳ ಮಕ್ಕಳು, ಕರ್ಣಂಗೇರಿ, ಮದೆನಾಡು, ಜಂಬೂರಿನ ಪುನರ್ವಸತಿ ಮನೆಗಳಲ್ಲಿ ಬೆಳೆದ ಮಕ್ಕಳು ನಿಮ್ಮ ತರಗತಿಯಲ್ಲಿ ಇರಬಹುದು. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಗುಡಿಸಲು ಕಳೆದುಕೊಂಡ ಆದಿವಾಸಿ ಕುಟುಂಬಗಳ ಮಕ್ಕಳೂ ಈಗ ಈ ವಯಸ್ಸಿನವರೇ. ಮನೆ ಬಿದ್ದದ್ದನ್ನು ಕಂಡ ಮಗುವಿನ ಎದುರು 'ನಿನ್ನ ಅನುಭವ ಹೇಳು' ಎನ್ನುವುದು ಪಾಠವಾಗಲಾರದು. ಮುಂದಿನ ಮಳೆಗೆ ಏನು ಸಿದ್ಧತೆ ಎಂದು ಕೇಳಿ, ಹಿಂದಿನದನ್ನು ಕೆದಕಬೇಡಿ. ತಾನಾಗಿ ಹೇಳಲು ಬಂದರೆ ಸುಮ್ಮನೆ ಕೇಳಿಸಿಕೊಳ್ಳಿ.

ಮಾಹಿತಿ ಹಕ್ಕಿನ ಅರ್ಜಿ ಹಾಕಿಸಬಹುದೇ ಎಂದು ಕೆಲವು ಉತ್ಸಾಹಿ ಶಿಕ್ಷಕರು ಕೇಳುತ್ತಾರೆ. ನೀವೂ ಮುಂದೆ ಕೇಳಬಹುದು. 2005ರ ಕಾಯ್ದೆ ಹಕ್ಕನ್ನು ಎಲ್ಲ ನಾಗರಿಕರಿಗೂ ಕೊಟ್ಟಿದೆ, ಅದರಲ್ಲಿ ವಯಸ್ಸಿನ ಮಿತಿಯನ್ನು ಹೇಳಿಲ್ಲ. ಕರ್ನಾಟಕದ ನಿಯಮದಂತೆ ಹತ್ತು ರೂಪಾಯಿ ಶುಲ್ಕ, ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ. ಉತ್ತರಕ್ಕೆ 30 ದಿನ. ನೂರೈವತ್ತು ಪದಗಳಲ್ಲಿ ಒಂದು ಸ್ಪಷ್ಟ ಪ್ರಶ್ನೆ ಬರೆಯುವುದು ಯಾವ ಪ್ರಬಂಧಕ್ಕಿಂತಲೂ ಒಳ್ಳೆಯ ಕನ್ನಡ ಅಭ್ಯಾಸ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೂ ಚಿಕ್ಕ ಊರಿನಲ್ಲಿ ಆರ್‌ಟಿಐ ಎಂಬ ಮೂರಕ್ಷರವನ್ನು ಯುದ್ಧಘೋಷಣೆ ಎಂದು ತಿಳಿಯುತ್ತಾರೆ, ಅರ್ಜಿಯಲ್ಲಿ ಅರ್ಜಿದಾರರ ಹೆಸರು, ವಿಳಾಸ ಇರಲೇಬೇಕು. ಹಾಗಾಗಿ ಮಕ್ಕಳು ಅರ್ಜಿಯನ್ನು ತರಗತಿಯಲ್ಲಿ ರಚಿಸಲಿ. ಕಳುಹಿಸುವ ಅಗತ್ಯ ಬಿದ್ದರೆ ಸಹಿ ನಿಮ್ಮದಿರಲಿ. ಬಹಳಷ್ಟು ಸಲ ಅದರ ಅಗತ್ಯವೇ ಬೀಳುವುದಿಲ್ಲ, ಏಕೆಂದರೆ ಅದೇ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಕಚೇರಿಗಳು ತಾವಾಗಿಯೇ ಪ್ರಕಟಿಸಬೇಕಾದ ಮಾಹಿತಿ ಸಾಕಷ್ಟಿದೆ. ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಪಂಚಾಯಿತಿಯ ಹಿಂದಿನ ವರ್ಷದ ಲೆಕ್ಕ ಮತ್ತು ಕಾಮಗಾರಿಗಳನ್ನು ಸಾರ್ವಜನಿಕರ ಮುಂದೆ ಪರಿಶೀಲಿಸುವ ಜಮಾಬಂದಿ ಕೂಡ ನಡೆಯುತ್ತದೆ. ಅಲ್ಲಿಗೆ ಹೋಗಿ ಬೆಂಚಿನ ಮೇಲೆ ಕುಳಿತು ನೋಡಿದರೆ ಸಾಕು, ಏನೂ ಕೇಳಬೇಕಾಗಿಲ್ಲ.

ಇಷ್ಟೆಲ್ಲ ಮಾಡಿದರೂ ಕೆಲಸ ಆಗದೇ ಹೋಗಬಹುದು, ಅದನ್ನೂ ಮೊದಲೇ ಹೇಳಿಬಿಡಿ. ನಾನು ನೋಡಿದ ಒಂದು ಶಾಲೆಯಲ್ಲಿ ಮಕ್ಕಳು ಬಸ್ಸಿನ ಪ್ರಶ್ನೆ ಎತ್ತಿಕೊಂಡಿದ್ದರು. ಸಂಜೆ ಶಾಲೆ ಬಿಡುವ ಹತ್ತು ನಿಮಿಷ ಮುಂಚೆ ಬಸ್ಸು ಹೋಗುತ್ತಿತ್ತು, ಮುಂದಿನದಕ್ಕೆ ಕಾದರೆ ಆನೆ ದಾಟುವ ದಾರಿಯಲ್ಲಿ ಕತ್ತಲಲ್ಲಿ ನಡೆಯಬೇಕು. ಯಾವ ನಿಲ್ದಾಣಕ್ಕೆ ಎಷ್ಟು ಮಕ್ಕಳು ಎಂದು ಒಂದು ತಿಂಗಳು ಎಣಿಸಿ, ಪಟ್ಟಿ ಮಾಡಿ, ಪಂಚಾಯಿತಿಯ ಮೂಲಕ ಪತ್ರ ಕಳುಹಿಸಿದರು. ಉತ್ತರ ಬರಲಿಲ್ಲ. ಎರಡನೇ ಪತ್ರಕ್ಕೆ ಬಂದ ಉತ್ತರ 'ಸಾಧ್ಯವಿಲ್ಲ' ಎಂದಿತ್ತು, ಆದರೆ ಕಾರಣ ಕೊಟ್ಟಿತ್ತು: ಆ ಬಸ್ಸು ಪೇಟೆಯಲ್ಲಿ ಇನ್ನೊಂದು ಬಸ್ಸಿಗೆ ಪ್ರಯಾಣಿಕರನ್ನು ತಲುಪಿಸಬೇಕು, ಹತ್ತು ನಿಮಿಷ ತಡವಾದರೆ ಅಲ್ಲಿನವರಿಗೆ ರಾತ್ರಿಯ ಬಸ್ಸು ತಪ್ಪುತ್ತದೆ. ಮಕ್ಕಳು ಆ ಪತ್ರವನ್ನು ಓದಿ ಎರಡು ದಿನ ಬೇಸರಪಟ್ಟರು. ಆಮೇಲೆ ಒಬ್ಬ ಹುಡುಗ ಬೆಳಗಿನ ಪ್ರಾರ್ಥನೆ ಮತ್ತು ವಿರಾಮದ ಅವಧಿಗಳನ್ನು ಕೂಡಿ ಕಳೆದು ಒಂದು ವೇಳಾಪಟ್ಟಿ ಬರೆದು ತಂದ. ಎಸ್‌ಡಿಎಂಸಿಯಲ್ಲಿ ಚರ್ಚೆಯಾಗಿ ಶಾಲೆಯೇ ಹದಿನೈದು ನಿಮಿಷ ಮುಂಚೆ ಬಿಡುವಂತಾಯಿತು. ಇಡೀ ಕೆಲಸಕ್ಕೆ ಏಳು ತಿಂಗಳು ಹಿಡಿಯಿತು. ಶಾಲಾ ಸಂಸತ್ತಿನಲ್ಲಿ ಅವನು ಆ ವರ್ಷ ಸಾರಿಗೆ ಮಂತ್ರಿಯೇನೂ ಆಗಿರಲಿಲ್ಲ.

ನಿಮ್ಮ ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಮೂರು ನಿರ್ಣಯಗಳನ್ನು ಮಾತ್ರ ಬರೆಸಿ. ಒಂಬತ್ತನೇ ತರಗತಿ ಈ ವರ್ಷ ನೀರಿನ ಒಂದು ಮಾರ್ಗವನ್ನು ಅಧ್ಯಯನ ಮಾಡುತ್ತದೆ ಮತ್ತು ಅದು ಆಂತರಿಕ ಮೌಲ್ಯಮಾಪನಕ್ಕೆ ಸೇರುತ್ತದೆ. ಹೊರಗೆ ಹೋಗುವಾಗ ಜೊತೆಗೆ ಒಬ್ಬ ಶಿಕ್ಷಕ ಮತ್ತು ಒಬ್ಬ ಪೋಷಕ ಇರುತ್ತಾರೆ, ನಾಲ್ಕು ಗಂಟೆಯೊಳಗೆ ಎಲ್ಲರೂ ಮರಳಿರುತ್ತಾರೆ. ಮಕ್ಕಳ ಗ್ರಾಮಸಭೆಯ ದಿನಾಂಕವನ್ನು ಒಂದು ತಿಂಗಳು ಮುಂಚೆ ತಿಳಿಸುವಂತೆ ಪಂಚಾಯಿತಿಗೆ ಪತ್ರ ಹೋಗುತ್ತದೆ. ಪುತ್ತರಿ ಹಬ್ಬದ ವಾರದಲ್ಲಿ ಆ ಸಭೆ ಬಾರದಂತೆ ನೋಡಿಕೊಳ್ಳಿ. ಡಿಸೆಂಬರ್ ನಡುವಿಗೆ ಹೋದರೆ ಕಾಫಿ ಕೊಯ್ಲು ಬಿರುಸಾಗುತ್ತದೆ, ಲೈನ್‌ಮನೆಯ ದೊಡ್ಡ ಮಕ್ಕಳಲ್ಲಿ ಕೆಲವರು ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿಯುತ್ತಾರೆ. ಅವರಿಲ್ಲದೆ ಸಭೆ ನಡೆಸುವುದಾದರೆ ದಿನಾಂಕ ಬದಲಾಯಿಸಿ. ಅಂದ ಹಾಗೆ, ಹನ್ನೊಂದು ದಿನ ನೀರಿಲ್ಲದಾಗ ನೀವು ಯಾರಿಗೆ ಹೇಳಿದಿರಿ, ಅವರು ಏನೆಂದರು ಎಂಬುದನ್ನು ಪತ್ರದಲ್ಲಿ ಬರೆದಿಲ್ಲ. ಮಗಳಿಗೆ ಅದನ್ನು ಹೇಳಿ, ಯಾರಿಗೂ ಹೇಳದೆ ಇದ್ದಿದ್ದರೆ ಅದನ್ನೂ ಹೇಳಿ. ಅವಳ ನಕ್ಷೆ ಅಲ್ಲಿಂದ ಶುರುವಾಗಲಿ.